ಕೆಇಎ ಆಪ್ಷನ್ ಎಂಟ್ರಿ: ಮೆಡಿಕಲ್ಲೋ ಡೆಂಟಲ್ಲೋ ಎಂದು ತೂಗುವವರಿಗಾಗಿ ಒಂದು ವಿಮರ್ಶೆ

ನೀಟ್ ರ‍್ಯಾಂಕ್ ಕೈಗೆ ಸಿಕ್ಕ ಮೇಲೆ ಕರ್ನಾಟಕದ ಕೋಟಾದಲ್ಲಿ ಎಂಬಿಬಿಎಸ್ (ವೈದ್ಯಕೀಯ) ಅಥವಾ ಬಿಡಿಎಸ್ (ದಂತವೈದ್ಯಕೀಯ) ಸೇರಬೇಕಾದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ ನಡೆಸುವ ಸೀಟು ಹಂಚಿಕೆಯ ಮೂಲಕವೇ ಹೋಗಬೇಕು. ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ಬರೆಯುವುದು), ಅಣಕು ಹಂಚಿಕೆ, ನಿಜವಾದ ಹಂಚಿಕೆ, ಚಾಯ್ಸ್, ಶುಲ್ಕ, ಕಾಲೇಜಿಗೆ ವರದಿ ಎಂಬ ಕ್ರಮದಲ್ಲಿ ಇದು ನಡೆಯುತ್ತದೆ. ಯಂತ್ರವಾಗಿ ನೋಡಿದರೆ ಒಳ್ಳೆಯ ಸೇವೆ. ನೀವು ಬರೆದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ನಿಮ್ಮ ರ‍್ಯಾಂಕಿಗೂ ಕೆಟಗರಿಗೂ ಮೊದಲು ಸಿಗುವ ಸೀಟನ್ನು ಕೊಡುತ್ತದೆ. ವಶೀಲಿಗೆ ಅಲ್ಲಿ ಜಾಗವಿಲ್ಲ. ಆದರೆ ವೈದ್ಯಕೀಯಕ್ಕೂ ದಂತವೈದ್ಯಕೀಯಕ್ಕೂ ಇರುವ ವ್ಯತ್ಯಾಸ ಆ ಯಂತ್ರಕ್ಕೆ ಗೊತ್ತಿಲ್ಲ. ಮೆಡಿಕಲ್ ಕಾಲೇಜುಗಳೂ ಡೆಂಟಲ್ ಕಾಲೇಜುಗಳೂ ಒಂದೇ ಪಟ್ಟಿಯಲ್ಲಿ ನೀವು ಹೇಳಿದ ಕ್ರಮದಲ್ಲಿ ನಿಲ್ಲುತ್ತವೆ. ಹಾಗಾಗಿ ಆ ಪಟ್ಟಿಯಲ್ಲಿ ಮೊದಲ ಡೆಂಟಲ್ ಕಾಲೇಜನ್ನು ಎಷ್ಟನೇ ಸಾಲಿನಲ್ಲಿ ಬರೆಯುತ್ತೀರಿ ಎಂಬುದೇ ನಿಮ್ಮ ವೃತ್ತಿಯ ತೀರ್ಮಾನ. ಹೆಚ್ಚಿನ ಮನೆಗಳಲ್ಲಿ ಈ ತೀರ್ಮಾನ ಕೊನೆಯ ದಿನದ ರಾತ್ರಿ, ಸೈಬರ್ ಸೆಂಟರಿನಲ್ಲಿ, ಬೇರೆ ಯಾರದೋ ಬೆರಳಿನಿಂದ ಆಗಿಬಿಡುತ್ತದೆ ಎಂಬುದೇ ಬೇಸರದ ಸಂಗತಿ.

ಎಡವಟ್ಟು ಹೇಗಾಗುತ್ತದೆ ನೋಡಿ. ಬೆಂಗಳೂರೇ ಬೇಕು ಎಂಬ ಆಸೆಯಲ್ಲಿ ಒಬ್ಬ ವಿದ್ಯಾರ್ಥಿ ಮೊದಲು ಬೆಂಗಳೂರು, ಮೈಸೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಬರೆಯುತ್ತಾನೆ. ಅದರ ಕೆಳಗೆ ‘ಸೇಫ್ಟಿಗೆ ಇರಲಿ’ ಎಂದು ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ಡೆಂಟಲ್ ಕಾಲೇಜು. ಅದರ ಕೆಳಗೆ ಕಾರವಾರ, ಗದಗ, ಚಾಮರಾಜನಗರ, ಹಾವೇರಿಯ ಮೆಡಿಕಲ್ ಕಾಲೇಜುಗಳು. ಅವನ ರ‍್ಯಾಂಕಿಗೆ ಗದಗದಲ್ಲಿ ಎಂಬಿಬಿಎಸ್ ಸಿಗುತ್ತಿತ್ತು ಎಂದಿಟ್ಟುಕೊಳ್ಳಿ. ಯಂತ್ರ ಗದಗದವರೆಗೆ ಹೋಗುವುದೇ ಇಲ್ಲ. ಮೂರನೇ ಸಾಲಿನಲ್ಲೇ ಬಿಡಿಎಸ್ ಕೊಟ್ಟು ನಿಲ್ಲುತ್ತದೆ. ಎರಡನೇ ಸುತ್ತಿಗೆ ಹೋದರೂ ಹಂಚಿಕೆಯಾದ ಸೀಟಿಗಿಂತ ಮೇಲಿರುವ ಆಯ್ಕೆಗಳು ಮಾತ್ರ ಉಳಿಯುತ್ತವೆ, ಕೆಳಗಿನವು ಅಳಿಸಿಹೋಗುತ್ತವೆ. ಡಾಕ್ಟರೇ ಆಗಬೇಕು ಎಂದು ಖಚಿತವಿದ್ದವರ ಪಟ್ಟಿಯಲ್ಲಿ ಕೈಗೆಟುಕುವ ಶುಲ್ಕದ ಕೊನೆಯ ಎಂಬಿಬಿಎಸ್ ಸೀಟು ಮುಗಿಯುವವರೆಗೆ ಒಂದೇ ಒಂದು ಡೆಂಟಲ್ ಆಯ್ಕೆಯೂ ಬರಕೂಡದು. ಹಲ್ಲಿನ ಕೆಲಸವೇ ಇಷ್ಟ ಎಂಬವರು ಇದನ್ನು ತಿರುಗಿಸಿ ಬರೆಯಬೇಕು. ಎರಡನ್ನೂ ಬೆರೆಸಿ ಬರೆಯುವವರು ಊರಿಗೆ ಮಣೆ ಹಾಕಿ ವೃತ್ತಿಯನ್ನು ಕೈಬಿಡುತ್ತಿದ್ದಾರೆ ಎಂದೇ ಲೆಕ್ಕ.

ಚಾಯ್ಸ್ ಹಂತ ಇದಕ್ಕಿಂತ ಸೂಕ್ಷ್ಮ. ಸಾಮಾನ್ಯವಾಗಿ ನಾಲ್ಕು ಚಾಯ್ಸ್ ಇರುತ್ತವೆ. ಒಂದನೆಯದು ಸೀಟು ಒಪ್ಪಿ ಶುಲ್ಕ ಕಟ್ಟಿ ಕಾಲೇಜಿಗೆ ಹೋಗುವುದು. ಎರಡನೆಯದು ಸೀಟು ಹಿಡಿದುಕೊಂಡು ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಹೋಗುವುದು. ಮೂರನೆಯದು ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದು ಪೂರ್ತಿ ಹೊರಬರುವುದು. ಸುತ್ತು ಮುಂದುವರಿದಂತೆ ಇವುಗಳಲ್ಲಿ ಕೆಲವು ಇರುವುದಿಲ್ಲ. ಮುಂಗಡ, ಠೇವಣಿಯ ಷರತ್ತು ವರ್ಷವರ್ಷಕ್ಕೆ ಬದಲಾಗುತ್ತದೆ. ಆಯಾ ವರ್ಷದ ಪ್ರಕಟಣೆಯನ್ನೇ ಓದಿ, ಹಿಂದಿನ ವರ್ಷದ ಯೂಟ್ಯೂಬ್ ವಿಡಿಯೋ ನಂಬಬೇಡಿ. ಎರಡನೇ ಚಾಯ್ಸ್ ಒತ್ತಿ ಮೇಲಿನ ಆಯ್ಕೆ ಸಿಕ್ಕರೆ ಕೈಯಲ್ಲಿದ್ದ ಸೀಟು ತಾನಾಗಿಯೇ ರದ್ದಾಗುತ್ತದೆ. ಹೊಸದು ಬೇಡ, ಹಳೆಯದೇ ಇರಲಿ ಎಂದರೆ ನಡೆಯುವುದಿಲ್ಲ. ಸರ್ಕಾರಿ ಬಿಡಿಎಸ್ ಹಿಡಿದುಕೊಂಡಿರುವವರು ಮೇಲಿನ ಸಾಲುಗಳಲ್ಲಿ ಹತ್ತು ಲಕ್ಷದ ಖಾಸಗಿ ಎಂಬಿಬಿಎಸ್ ಉಳಿದಿದೆಯೇ ಎಂದು ನೋಡದೆ ಎರಡನೇ ಚಾಯ್ಸ್ ಒತ್ತಿದರೆ ಕಷ್ಟಕ್ಕೆ ಬೀಳುತ್ತಾರೆ.

ಅಣಕು ಹಂಚಿಕೆ ಈ ಸೇವೆಯ ಅತ್ಯುತ್ತಮ ಭಾಗ. ನಿಮ್ಮ ಪಟ್ಟಿಗೆ ಈ ಕ್ಷಣದಲ್ಲಿ ಏನು ಸಿಗಬಹುದು ಎಂದು ತೋರಿಸಿ, ತಿದ್ದಲು ಸಮಯ ಕೊಡುತ್ತದೆ. ಹೆಚ್ಚಿನವರು ಸೀಟು ಬಂದಿದೆಯಾ ಇಲ್ಲವಾ ಎಂದಷ್ಟೇ ನೋಡಿ ಸುಮ್ಮನಾಗುತ್ತಾರೆ. ನೋಡಬೇಕಾದದ್ದು ಬೇರೆ: ಅಣಕಿನಲ್ಲಿ ಬಂದ ಸೀಟು ನಾಳೆ ನಿಜವಾಗಿ ಬಂದರೆ ಒಂದನೇ ಚಾಯ್ಸ್ ಒತ್ತುತ್ತೀರಾ? ಇಲ್ಲ ಎಂದಾದರೆ ಆ ಆಯ್ಕೆ ನಿಮ್ಮ ಪಟ್ಟಿಯಲ್ಲಿ ಇರಬೇಕಾದ್ದೇ ಅಲ್ಲ, ತೆಗೆಯಿರಿ.

ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿಯನ್ನು ಕೆಇಎ ಸುತ್ತಿನ ಪ್ರಕಾರ, ಕಾಲೇಜಿನ ಪ್ರಕಾರ, ಜಿಎಂ (ಸಾಮಾನ್ಯ), ಜಿಎಂಆರ್ (ಸಾಮಾನ್ಯ, ಗ್ರಾಮೀಣ), ಜಿಎಂಕೆ (ಸಾಮಾನ್ಯ, ಕನ್ನಡ ಮಾಧ್ಯಮ), 2ಎಜಿ, 3ಬಿಜಿ, ಎಸ್‌ಸಿಜಿ ಎಂದು ಕೆಟಗರಿಯ ಪ್ರಕಾರವೂ ಕೊಡುತ್ತದೆ. ಇದು ದೊಡ್ಡ ಉಪಕಾರ. ಆದರೆ ಅಂಕ ಹೋಲಿಸಬೇಡಿ, ರ‍್ಯಾಂಕ್ ಹೋಲಿಸಿ. 2024ರಲ್ಲಿ 720ಕ್ಕೆ 720 ಪಡೆದವರು ಹಲವರಿದ್ದರು. 2025ರಲ್ಲಿ ದೇಶದ ಮೊದಲ ರ‍್ಯಾಂಕಿಗೆ ಬಂದ ಅಂಕ 686. ಪ್ರಶ್ನೆಪತ್ರಿಕೆ ಕಷ್ಟವಾದ ವರ್ಷ ಅಂಕದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಬೀದರ್, ರಾಯಚೂರು, ಕೊಪ್ಪಳ, ಯಾದಗಿರಿ, ಕಲಬುರಗಿ, ಬಳ್ಳಾರಿ ಭಾಗದ ಕಾಲೇಜುಗಳ ಕಟ್‌ಆಫ್ ಓದುವಾಗ ಇನ್ನೊಂದು ಎಚ್ಚರ ಬೇಕು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ಅಲ್ಲಿ ಶೇ. 70ರಷ್ಟು ಸೀಟು ಆ ಭಾಗದವರಿಗೇ ಮೀಸಲು, ಉಳಿದ ಭಾಗದ ಕಾಲೇಜುಗಳಲ್ಲಿ ಅವರಿಗೆ ಶೇ. 8. ಮಂಡ್ಯದ ವಿದ್ಯಾರ್ಥಿ ಕೊಪ್ಪಳದ ಒಟ್ಟು ಸೀಟಿನ ಸಂಖ್ಯೆ ನೋಡಿ ಆಸೆಪಟ್ಟರೆ ಲೆಕ್ಕ ತಪ್ಪುತ್ತದೆ.

ಖಾಸಗಿ ಡೆಂಟಲ್ ಸೀಟಿನ ವಿಷಯದಲ್ಲಿ ಗಾಬರಿಯೇ ಬೇಡ. ರಾಜ್ಯದಲ್ಲಿ 40ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ, ಹೆಚ್ಚಿನವು ಖಾಸಗಿ. ದೇಶದಾದ್ಯಂತ ಬಿಡಿಎಸ್ ಸೀಟುಗಳು ಖಾಲಿ ಉಳಿಯುವುದು ಹೊಸದಲ್ಲ. 2020–21ನೇ ಸಾಲಿನಲ್ಲಿ ಸುಮಾರು ಏಳು ಸಾವಿರ ಸೀಟು ಖಾಲಿ ಉಳಿದಾಗ, ಬಿಡಿಎಸ್‌ಗೆ ನೀಟ್ ಅರ್ಹತೆಯನ್ನು 10 ಪರ್ಸೆಂಟೈಲ್ ಇಳಿಸುವಂತೆ 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಆದ್ದರಿಂದ ಮೊದಲ ಸುತ್ತಿನಲ್ಲೇ ‘ಈಗ ಬಿಟ್ಟರೆ ಸಿಗಲ್ಲ’ ಎಂದು ಏಜೆಂಟರು ಹೆದರಿಸಿದರೆ ಕಿವಿಗೊಡಬೇಡಿ. ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು, ಮತ್ತು ಹೆಸರುವಾಸಿ ಖಾಸಗಿ ಕಾಲೇಜುಗಳ ಕಡಿಮೆ ಶುಲ್ಕದ ಸರ್ಕಾರಿ ಕೋಟಾ ಮಾತ್ರ ಇದಕ್ಕೆ ಹೊರತು. ಅವು ಬೇಗ ತುಂಬುತ್ತವೆ.

ಈಗ ಹಣದ ಮಾತು. ಒಂದೇ ಕಾಲೇಜು ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ ಎಂದು ಬೇರೆಬೇರೆ ಶುಲ್ಕದಲ್ಲಿ ಪಟ್ಟಿಯಲ್ಲಿ ಬರುವುದರಿಂದ ಕಾಲೇಜಿನ ಹೆಸರಷ್ಟೇ ನೋಡಿ ಸೇರಿಸುವುದು ಅಪಾಯ. ಸರ್ಕಾರಿ ಕಾಲೇಜಿನ ಎಂಬಿಬಿಎಸ್‌ಗೆ ವರ್ಷಕ್ಕೆ 60 ಸಾವಿರದ ಆಚೀಚೆ, ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಒಂದೂವರೆ ಲಕ್ಷದ ಆಸುಪಾಸು, ಖಾಸಗಿ ಕೋಟಾಕ್ಕೆ 10ರಿಂದ 12 ಲಕ್ಷ. ಹಾಸ್ಟೆಲ್ಲು, ಇತರೆ ಶುಲ್ಕ ಬೇರೆ. ಖಾಸಗಿ ಕೋಟಾದ ಎಂಬಿಬಿಎಸ್ ಮುಗಿಯುವಷ್ಟರಲ್ಲಿ ಖರ್ಚು ಅರ್ಧ ಕೋಟಿ ಮುಟ್ಟುತ್ತದೆ. 50 ಲಕ್ಷದ ಸಾಲವನ್ನು ಶೇ. 10ರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 66 ಸಾವಿರ. ಓದುವ ವರ್ಷಗಳಲ್ಲಿ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಅಡಮಾನ ಕೇಳುತ್ತದೆ, ಅಂದರೆ ಮನೆಯೋ ಜಮೀನೋ ಪಣಕ್ಕೆ ಬೀಳುತ್ತದೆ. ಅಷ್ಟಾದ ಮೇಲೂ ಬರೀ ಎಂಬಿಬಿಎಸ್ ಸಾಲದು, ಸ್ನಾತಕೋತ್ತರ ಪದವಿಯಾದ ಎಂಡಿ ಅಥವಾ ಎಂಎಸ್‌ಗೆ ಮತ್ತೆ ನೀಟ್ ಪಿಜಿ ಬರೆಯಬೇಕು.

ಆದ್ದರಿಂದ ಈ ವಿಮರ್ಶೆಯ ನಿಲುವನ್ನು ನೇರವಾಗಿ ಹೇಳಿಬಿಡಬೇಕು. ಡಿಗ್ರಿಗೆ ಡಿಗ್ರಿ ಹೋಲಿಸಬೇಡಿ, ಸೀಟಿಗೆ ಸೀಟು ಹೋಲಿಸಿ. ಸರ್ಕಾರಿ ಎಂಬಿಬಿಎಸ್ ಮತ್ತು ಸರ್ಕಾರಿ ಬಿಡಿಎಸ್ ಎರಡೂ ಸಿಗುವ ರ‍್ಯಾಂಕ್ ಇದ್ದರೆ, ಹಲ್ಲಿನ ಕೆಲಸದ ಮೇಲೆ ನಿಜವಾದ ಒಲವಿಲ್ಲದವರು ಎಂಬಿಬಿಎಸ್ ತೆಗೆದುಕೊಳ್ಳಬೇಕು. ಸರ್ಕಾರಿ ಉದ್ಯೋಗದ ಬಾಗಿಲು ಅಲ್ಲಿ ಬಹಳ ಅಗಲ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಎಂಬಿಬಿಎಸ್ ವೈದ್ಯರ ಹುದ್ದೆ ಶುರುವಾಗುತ್ತದೆ. ದಂತ ಆರೋಗ್ಯಾಧಿಕಾರಿ ಬೇಕಾಗುವುದು ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಯ ಮಟ್ಟದಲ್ಲಿ. ಆಯ್ಕೆ ಖಾಸಗಿ ಕೋಟಾದ ಎಂಬಿಬಿಎಸ್ ಮತ್ತು ಬೆಂಗಳೂರಿನ ಸರ್ಕಾರಿ ಬಿಡಿಎಸ್ ನಡುವೆ ಇದ್ದು, ಮೊದಲನೆಯದಕ್ಕೆ ಜಮೀನು ಅಡವಿಡಬೇಕಾದರೆ, ಕೈಕೆಲಸ ಒಗ್ಗುವವರಿಗೆ ಬಿಡಿಎಸ್ಸೇ ಮೇಲು. ಇನ್ನು ಲಕ್ಷಗಟ್ಟಲೆ ಶುಲ್ಕದ ಖಾಸಗಿ ಕೋಟಾ ಬಿಡಿಎಸ್ ಅನ್ನು ‘ಎಂಬಿಬಿಎಸ್ ಸಿಗಲಿಲ್ಲವಲ್ಲ’ ಎಂಬ ಕಾರಣಕ್ಕೆ ತೆಗೆದುಕೊಳ್ಳುವುದು ಇದ್ದುದರಲ್ಲೇ ಕೆಟ್ಟ ಆಯ್ಕೆ. ಅದಕ್ಕಿಂತ ಒಂದು ವರ್ಷ ಮನೆಯಲ್ಲಿ ಕೂತು ಮತ್ತೆ ನೀಟ್ ಬರೆಯುವುದು ಅಗ್ಗ. ಪ್ರಯತ್ನಗಳ ಸಂಖ್ಯೆಗೂ ಗರಿಷ್ಠ ವಯಸ್ಸಿಗೂ ನೀಟ್‌ನಲ್ಲಿ ಮಿತಿಯಿಲ್ಲ. ಬಿಡಿಎಸ್ ಸೇರಿಕೊಂಡೇ ಮತ್ತೆ ನೀಟ್‌ಗೆ ಓದುತ್ತೇನೆ ಎಂಬ ಯೋಜನೆ ಕಾಗದದ ಮೇಲೆ ಮಾತ್ರ ಚೆಂದ. ಮೊದಲ ವರ್ಷವೇ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಎಲ್ಲ ಇರುತ್ತವೆ, ಜತೆಗೆ ಪ್ರಾಕ್ಟಿಕಲ್. ಕೊನೆಯ ದಿನಾಂಕ ದಾಟಿದ ಮೇಲೆ ಸೀಟು ಬಿಟ್ಟರೆ ದಂಡವೂ ಬೀಳುತ್ತದೆ.

ಒಲವು ಇದೆಯೋ ಇಲ್ಲವೋ ತಿಳಿಯಲು ನೀಟ್ ಏನೂ ನೆರವಾಗುವುದಿಲ್ಲ, ಕೆಇಎಯೂ ಇಲ್ಲ. ನೀಟ್‌ನಲ್ಲಿರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ 180 ಪ್ರಶ್ನೆ ಮಾತ್ರ; ಕೈ ಎಷ್ಟು ಸ್ಥಿರ ಎಂದು ಯಾರೂ ನೋಡುವುದಿಲ್ಲ. ಬಿಡಿಎಸ್ ಮೊದಲ ವರ್ಷದಲ್ಲಿ ಮೇಣದ ಅಚ್ಚಿನಲ್ಲಿ ಹಲ್ಲು ಕೆತ್ತಿಸುತ್ತಾರೆ. ಇದನ್ನು ಆಪ್ಷನ್ ಎಂಟ್ರಿಗೆ ಮೊದಲೇ ಮನೆಯಲ್ಲಿ ಮಾಡಿ ನೋಡಬಹುದು. ಡೆಂಟಲ್ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಮೇಣದ ಬ್ಲಾಕ್, ಲೆಕ್ರಾನ್ ಕಾರ್ವರ್ ಎಂಬ ಸಣ್ಣ ಕೆತ್ತುಗತ್ತಿ, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿ ಸಿಗುತ್ತವೆ. ಮೇಲ್ದವಡೆಯ ಕೋರೆಹಲ್ಲಿನ ಚಿತ್ರವನ್ನು ಎರಡು ಬದಿಯಿಂದ, ಅಂದರೆ ತುಟಿಯ ಕಡೆಯಿಂದ ಮತ್ತು ಪಕ್ಕದಿಂದ, ಬ್ಲಾಕಿನ ಎರಡು ಮುಖಗಳ ಮೇಲೆ ಗೀಚಿ. ಮೊದಲು ಒಂದು ಮುಖದ ಗೆರೆಯ ಹೊರಗಿನ ಮೇಣ ತೆಗೆಯಿರಿ, ಆಮೇಲೆ ಇನ್ನೊಂದರದು, ದುಂಡಗೆ ಮಾಡುವುದು ಕೊನೆಗೆ. ಕಲಿಯುವವರೆಲ್ಲ ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಹಲ್ಲಿನ ಕಿರೀಟವೂ ಬೇರೂ ಸೇರುವ ಕುತ್ತಿಗೆಯಲ್ಲಿ ಅವಸರಕ್ಕೆ ಜಾಸ್ತಿ ಕೆತ್ತಿಬಿಡುತ್ತಾರೆ. ಮುಖಗಳನ್ನು ಬೇಗ ದುಂಡಗೆ ಮಾಡಿ ಅಂಚಿನ ಕೋನಗಳನ್ನು ಅಳಿಸಿಬಿಡುತ್ತಾರೆ. ಕೆತ್ತಿದ ಮೇಣ ಮತ್ತೆ ಅಂಟುವುದಿಲ್ಲ. ಹಲ್ಲು ಕೊರೆಯುವಾಗಲೂ ಅಷ್ಟೇ. ಫಲಿತಾಂಶ ಹೇಗೇ ಬರಲಿ, ಎರಡು ಗಂಟೆ ಒಂದೇ ಕಡೆ ಕತ್ತು ಬಗ್ಗಿಸಿ ಕೂತದ್ದು ಹಿಂಸೆ ಅನ್ನಿಸಿತೋ, ಹೊತ್ತು ಹೋದದ್ದೇ ತಿಳಿಯಲಿಲ್ಲವೋ ಎಂಬುದನ್ನು ಗಮನಿಸಿ. ಎರಡನೇ ವರ್ಷ ಫ್ಯಾಂಟಮ್ ಹೆಡ್ ಎಂಬ ಗೊಂಬೆತಲೆಯ ಮೇಲೆ ಕೆಲಸ ಶುರುವಾದಾಗ ಮೇಲಿನ ಹಲ್ಲುಗಳನ್ನು ಪುಟ್ಟ ಕನ್ನಡಿಯಲ್ಲಿ ನೋಡುತ್ತಾ ಕೊರೆಯಬೇಕು, ಎಲ್ಲವೂ ತಿರುಗುಮುರುಗಾಗಿ ಕಾಣುತ್ತದೆ. ಅಭ್ಯಾಸದಿಂದ ಬರುತ್ತದೆ, ಆದರೆ ತಾಳ್ಮೆ ಇರಬೇಕು. ಕತ್ತು, ಸೊಂಟದ ನೋವು ದಂತವೈದ್ಯರಲ್ಲಿ ತೀರಾ ಸಾಮಾನ್ಯ.

ಎಂಬಿಬಿಎಸ್‌ನ ಪರೀಕ್ಷೆ ಬೇರೆ ಬಗೆಯದು: ವಿಷಯದ ವಿಸ್ತಾರ, ರಾತ್ರಿ ಪಾಳಿ, ಕಣ್ಣೆದುರಿನ ಸಾವು. ಓದು ನಾಲ್ಕೂವರೆ ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಎಂಡಿ ಸೇರಿದರೆ ಇನ್ನೂ ಮೂರು, ಅದಕ್ಕೂ ಮೇಲಿನ ಪದವಿಗಳಾದ ಡಿಎಂ ಅಥವಾ ಎಂಸಿಎಚ್‌ಗೆ ಮತ್ತೆ ಮೂರು. ಬಿಡಿಎಸ್ ನಾಲ್ಕು ವರ್ಷ ಮತ್ತು ಒಂದು ವರ್ಷ ಇಂಟರ್ನ್‌ಶಿಪ್; ಅದರ ಸ್ನಾತಕೋತ್ತರ ಪದವಿ ಎಂಡಿಎಸ್ ಮೂರು ವರ್ಷ, ಒಟ್ಟು ಒಂಬತ್ತು ವಿಭಾಗ. ಬಿಡಿಎಸ್ ಮುಗಿಸಿ ಎಂಡಿ ಮಾಡಲು ಆಗುವುದಿಲ್ಲ, ಎಂಬಿಬಿಎಸ್ ಮುಗಿಸಿ ಎಂಡಿಎಸ್ ಕೂಡ. ‘ಆಮೇಲೆ ಬದಲಾಯಿಸಿಕೊಳ್ಳಬಹುದು’ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು.

ಬಿಡಿಎಸ್‌ನ ದೊಡ್ಡ ಆಕರ್ಷಣೆ ಐದು ವರ್ಷಕ್ಕೆ ಸ್ವಂತ ಕ್ಲಿನಿಕ್. ಆಗುತ್ತದೆ, ಆದರೆ ಬೋರ್ಡು ಹಾಕಿದ ಮಾತ್ರಕ್ಕೆ ಅಲ್ಲ. ರಾಜ್ಯ ದಂತ ಪರಿಷತ್ತಿನ ನೋಂದಣಿ, ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಜೈವಿಕ ತ್ಯಾಜ್ಯಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನೋಂದಣಿ ಬೇಕು. ಚೇರು, ಎಣ್ಣೆರಹಿತ ಕಂಪ್ರೆಸರ್, ಆಟೋಕ್ಲೇವ್, ಡಿಜಿಟಲ್ ಎಕ್ಸ್‌ರೇ, ಸ್ಕೇಲರ್, ರೂಟ್ ಕೆನಾಲ್ ಮಾಡುವ ಮೋಟಾರು ಎಲ್ಲ ಸೇರಿ ಒಂದು ಚೇರಿನ ಸಾಧಾರಣ ಕ್ಲಿನಿಕ್ಕಿಗೇ ಎಂಟು–ಹತ್ತು ಲಕ್ಷ ಬೇಕಾಗುತ್ತದೆ, ಬಾಡಿಗೆ ಮುಂಗಡ ಬೇರೆ. ಬೆಂಗಳೂರಿನಲ್ಲಿ ಹೊಸ ಬಿಡಿಎಸ್‌ಗಳು ಇನ್ನೊಬ್ಬರ ಕ್ಲಿನಿಕ್ಕಿನಲ್ಲಿ ತಿಂಗಳಿಗೆ 15ರಿಂದ 25 ಸಾವಿರಕ್ಕೆ ದುಡಿಯುವುದು ಮಾಮೂಲು. ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಬಾಡಿಗೆಯೂ ಪೈಪೋಟಿಯೂ ಕಡಿಮೆ. ಊರಿಗೆ ಮರಳಲು ತಯಾರಿರುವವರಿಗೆ ಈ ವೃತ್ತಿ ಬೇಗ ಕೈಹಿಡಿಯುತ್ತದೆ. ವಿದೇಶದ ಕನಸಿದ್ದರೆ ಇದನ್ನೂ ತಿಳಿದಿರಿ: ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ದಂತವೈದ್ಯರಾಗಲು ಬಿಡಿಎಸ್ ಆದವರು ಅಲ್ಲಿನ ಡೆಂಟಲ್ ಕಾಲೇಜಿನಲ್ಲಿ ಮತ್ತೆ ಎರಡು–ಮೂರು ವರ್ಷ ಓದಬೇಕು, ಶುಲ್ಕ ಭಾರಿ. ಎಂಬಿಬಿಎಸ್ ಆದವರು ಅಲ್ಲಿನ ವೈದ್ಯರ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇ ಪಾಸಾಗಿ ರೆಸಿಡೆನ್ಸಿ (ಆಸ್ಪತ್ರೆಯ ತರಬೇತಿ) ಸಿಕ್ಕರೆ ಸಂಬಳ ಪಡೆಯುತ್ತಲೇ ಕಲಿಯುತ್ತಾರೆ.

ಡೆಂಟಲ್ ಆಯ್ಕೆಗಳನ್ನು ತಮ್ಮತಮ್ಮಲ್ಲೇ ಜೋಡಿಸುವಾಗ ಕಟ್ಟಡ ನೋಡಬೇಡಿ, ರೋಗಿಗಳನ್ನು ನೋಡಿ. ಸೋಮವಾರ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಹೊರರೋಗಿ ವಿಭಾಗಕ್ಕೆ ಹೋಗಿ ಎಷ್ಟು ಚೇರು ಖಾಲಿ ಇವೆ ಎಂದು ಎಣಿಸಿ. ಅಂತಿಮ ವರ್ಷದವರನ್ನು ಕೇಳಿ: ಪ್ರತಿಯೊಬ್ಬರೂ ಎಷ್ಟು ಹಲ್ಲು ಕೀಳಲೇಬೇಕೆಂಬ ಕೋಟಾ ಇದೆ, ಎಷ್ಟು ಕಂಪ್ಲೀಟ್ ಡೆಂಚರ್ (ಪೂರ್ತಿ ಹಲ್ಲುಸೆಟ್), ರೂಟ್ ಕೆನಾಲ್ ಅನ್ನು ಬಿಡಿಎಸ್ ವಿದ್ಯಾರ್ಥಿಗಳಿಗೆ ಮಾಡಲು ಬಿಡುತ್ತಾರಾ, ಕೋಟಾ ಮುಗಿಸಲು ರೋಗಿಗಳನ್ನು ನೀವೇ ಹುಡುಕಿ ತರಬೇಕಾ? ಕೊನೆಯ ಪ್ರಶ್ನೆಗೆ ಹೌದು ಎಂದು ಬಂದರೆ ಆ ಕಾಲೇಜನ್ನು ಕೆಳಗೆ ಸರಿಸಿ. ಡೆಂಟಲ್ ಕಾಲೇಜುಗಳು ಒತ್ತೊತ್ತಾಗಿರುವ ಬೆಂಗಳೂರಿನಲ್ಲಿ ರೋಗಿಗಳು ಹಂಚಿಹೋಗುತ್ತಾರೆ. ಸುತ್ತ ಹಳ್ಳಿಗಳಿರುವ ಊರಿನ ಕಾಲೇಜಿನಲ್ಲಿ ಕೈಗೆ ಕೆಲಸ ಹೆಚ್ಚು ಸಿಗಬಹುದು. ಹೊಸ ಮೆಡಿಕಲ್ ಕಾಲೇಜುಗಳಿಗೂ ಇದೇ ಅಳತೆ: ವಾರ್ಡಿನ ಹಾಸಿಗೆ ತುಂಬಿವೆಯೇ, ಹೆರಿಗೆ ವಾರ್ಡು ಎಷ್ಟು ಚುರುಕಾಗಿದೆ, ರಾತ್ರಿ ಕ್ಯಾಶುವಾಲಿಟಿ ನಡೆಯುತ್ತದೆಯೇ.

ದೇಶಮಟ್ಟದ ಎಂಸಿಸಿ (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ಹಂಚಿಕೆಯೂ ಜೊತೆಜೊತೆಗೇ ನಡೆಯುತ್ತದೆ. ಸರ್ಕಾರಿ ಕಾಲೇಜುಗಳ ಶೇ. 15 ಅಖಿಲ ಭಾರತ ಕೋಟಾ, ಏಮ್ಸ್, ಜಿಪ್ಮರ್ ಮತ್ತು ಮಣಿಪಾಲದಂಥ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟು ಅಲ್ಲಿಂದಲೇ ಸಿಗುವುದು. ಅದರ ಒಳ್ಳೆಯ ಗುಣವೆಂದರೆ ಮೊದಲ ಸುತ್ತಿನಲ್ಲಿ ಸೀಟು ಬಂದು ಸೇರದಿದ್ದರೂ ಠೇವಣಿ ಹೋಗುವುದಿಲ್ಲ. ಎರಡನೇ ಸುತ್ತಿನಿಂದ ಹೋಗುತ್ತದೆ. ಡೀಮ್ಡ್ ಸೀಟಿಗೆ ಎರಡು ಲಕ್ಷ ಠೇವಣಿ. ಕನ್ನಡದಲ್ಲಿ ಏನೂ ಸಿಗದಿರುವುದು ಅಲ್ಲಿನ ಕೊರತೆ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಟ್ಟು, ಸೀಟಿನ ನಿಯಮಗಳನ್ನು ಮಾತ್ರ ಆ ಭಾಷೆಯಲ್ಲಿ ಕೊಡದಿರುವುದು ಹಳ್ಳಿಯ ಮಕ್ಕಳಿಗೆ ಮಾಡುವ ಅನ್ಯಾಯ.

ಕೆಇಎಯಲ್ಲಿ ಜನ ಸೀಟು ಕಳೆದುಕೊಳ್ಳುವುದು ಪಟ್ಟಿಗಿಂತ ಮೊದಲೇ, ದಾಖಲೆಯ ಹಂತದಲ್ಲಿ. ಒಂದರಿಂದ ಹನ್ನೆರಡನೇ ತರಗತಿಯ ನಡುವೆ ಏಳು ವರ್ಷ ರಾಜ್ಯದಲ್ಲಿ ಓದಿದ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತರವರೆಗಿನ ಪತ್ರಗಳು, ಜಾತಿ–ಆದಾಯ ಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ, ಇವನ್ನು ಪಿಯುಸಿ ಪರೀಕ್ಷೆ ಮುಗಿದ ವಾರವೇ ಸಿದ್ಧ ಮಾಡಿಟ್ಟುಕೊಳ್ಳಿ. ಶಾಲೆ ಮುಚ್ಚಿಹೋಗಿದ್ದರೆ ಸಹಿಗಾಗಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ ಅಲೆಯಲು ದಿನಗಳು ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು, ನೀಟ್ ಅರ್ಜಿಯ ಹೆಸರು, ಜಾತಿ ಪತ್ರದ ಹೆಸರು ಇನಿಷಿಯಲ್ ಸಮೇತ ತಾಳೆಯಾಗಬೇಕು. ಆಪ್ಷನ್ ಎಂಟ್ರಿಯ ಪಾಸ್‌ವರ್ಡ್ ಮತ್ತು ಒಟಿಪಿ ಬರುವ ಮೊಬೈಲ್ ಸಂಖ್ಯೆ ವಿದ್ಯಾರ್ಥಿಯದ್ದೋ ತಂದೆತಾಯಿಯದ್ದೋ ಇರಲಿ, ಸೈಬರ್ ಸೆಂಟರಿನವರದ್ದು ಬೇಡ. ಪಟ್ಟಿ ಉಳಿಸಿದ ಮೇಲೆ ಪ್ರಿಂಟ್ ತೆಗೆದು ಮೊದಲ ಡೆಂಟಲ್ ಸಾಲಿಗೂ ಅದರ ಮೇಲಿನ ಸಾಲಿಗೂ ನಡುವೆ ಪೆನ್ನಿನಿಂದ ಗೆರೆ ಎಳೆಯಿರಿ. ಗೆರೆಯ ಮೇಲಿರುವ ಪ್ರತಿ ಸೀಟಿನ ಶುಲ್ಕವನ್ನು ಪಕ್ಕದಲ್ಲಿ ಬರೆದು, ಕಟ್ಟಲಾಗದ್ದನ್ನು ಗಡುವು ಮುಗಿಯುವ ಮುನ್ನ ಅಳಿಸಿ.